ಬ್ರಹ್ಮಚರ್ಯ: ದೈವದತ್ತ ವರವೋ, ನೇಮಕದ ಷರತ್ತೋ?

2019ರ ಅಕ್ಟೋಬರ್ ತಿಂಗಳಲ್ಲಿ ಅಮೆಜಾನ್ ಪ್ರದೇಶದ ಕ್ಯಾಥೊಲಿಕ್ ಬಿಷಪ್ಪರು ವ್ಯಾಟಿಕನ್‌ನಲ್ಲಿ ಸಭೆ ಸೇರಿದ್ದರು. ಕಾಡು ಮತ್ತು ನದಿಗಳ ಆ ವಿಸ್ತಾರವಾದ ನಾಡಿನಲ್ಲಿ ಧರ್ಮಸಭೆಯ ಕೆಲಸ ಹೇಗೆ ನಡೆಯಬೇಕು ಎಂಬುದು ಅವರ ಮುಂದಿದ್ದ ಪ್ರಶ್ನೆ. ಪಾದ್ರಿಯೊಬ್ಬರು ಒಂದು ಹಳ್ಳಿಗೆ ಬಂದುಹೋದರೆ ಮತ್ತೆ ಅಲ್ಲಿಗೆ ಬರುವುದಕ್ಕೆ ತಿಂಗಳುಗಳಷ್ಟೇ ಅಲ್ಲ, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ ಎಂದು ಸಭೆಯ ಅಂತಿಮ ದಾಖಲೆಯೇ ಒಪ್ಪಿಕೊಂಡಿತು. ಅಷ್ಟು ಕಾಲ ಅಲ್ಲಿನ ಭಕ್ತರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಗೆ ಅವಕಾಶವಿಲ್ಲ, ಸಾಯುವ ಹೊತ್ತಿನಲ್ಲಿ ಅಭ್ಯಂಗವಿಲ್ಲ. ಇದಕ್ಕೆ ಬಿಷಪ್ಪರು ಸೂಚಿಸಿದ ಪರಿಹಾರ ಸರಳವಾದುದು. ಅಂತಹ ದೂರದ ಪ್ರದೇಶಗಳಲ್ಲಿ ಜನರ ಗೌರವಕ್ಕೆ ಪಾತ್ರರಾದ, ಈಗಾಗಲೇ ಡೀಕನ್ ಆಗಿ ಸೇವೆ ಸಲ್ಲಿಸುತ್ತಿರುವ ಗೃಹಸ್ಥರಿಗೆ ಗುರುದೀಕ್ಷೆ ನೀಡಬಹುದು ಎಂಬುದು ಆ ಸೂಚನೆ. ಅದರ ಪರವಾಗಿ 128 ಮತಗಳೂ ವಿರುದ್ಧವಾಗಿ 41 ಮತಗಳೂ ಬಿದ್ದವು.

ಮರುವರ್ಷದ ಫೆಬ್ರುವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಮೆಜಾನ್ ಕುರಿತು ತಮ್ಮ ಸಂದೇಶವನ್ನು ಪ್ರಕಟಿಸಿದರು. ಅದರಲ್ಲಿ ಈ ಸೂಚನೆಯನ್ನು ಅವರು ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲ, ಪ್ರಸ್ತಾಪಿಸದೆ ಬಿಟ್ಟರು. ಸರ್ಕಾರಿ ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವರಿಗೆ ಇಂತಹ ಮೌನದ ಅರ್ಥ ಚೆನ್ನಾಗಿಯೇ ತಿಳಿದಿದೆ. ಕಡತ ಮುಚ್ಚಿಲ್ಲ, ಮುಂದಕ್ಕೂ ಹೋಗಿಲ್ಲ. 2023ರ ಮಾರ್ಚ್‌ನಲ್ಲಿ ಜರ್ಮನಿಯ ಧರ್ಮಸಭೆಯ ಸಮಾವೇಶವು ಬ್ರಹ್ಮಚರ್ಯದ ನಿಯಮವನ್ನು ಪುನರ್‌ಪರಿಶೀಲಿಸಬೇಕೆಂದು ಪೋಪರನ್ನು ಕೋರಿತು. 2024ರ ಆರಂಭದಲ್ಲಿ ಮಾಲ್ಟಾದ ಆರ್ಚ್‌ಬಿಷಪ್ ಚಾರ್ಲ್ಸ್ ಶಿಕ್ಲೂನಾ ಅವರೂ ಈ ಬಗ್ಗೆ ಗಂಭೀರವಾಗಿ ಯೋಚಿಸುವ ಕಾಲ ಬಂದಿದೆ ಎಂದರು. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ನಿಧನರಾದರು. ಪೆರು ದೇಶದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಪೋಪ್ ಹದಿನಾಲ್ಕನೆಯ ಲಿಯೊ ಅವರ ಮೇಜಿನ ಮೇಲೆ ಈಗ ಆ ಕಡತವಿದೆ.

ಈ ವಿವಾದದ ತಿರುಳನ್ನು ಅರಿಯಲು ನಮ್ಮಲ್ಲಿ ರೂಢಿಯಲ್ಲಿರುವ ಎರಡು ಪದಗಳು ನೆರವಾಗುತ್ತವೆ: ಪುರೋಹಿತ ಮತ್ತು ಸನ್ಯಾಸಿ. ನಮ್ಮಲ್ಲಿ ಇವರಿಬ್ಬರ ದಾರಿಗಳು ಬೇರೆ ಬೇರೆ. ನಾಮಕರಣ, ಮದುವೆ, ಉತ್ತರಕ್ರಿಯೆಗಳಿಗೆ ಬರುವ ಪುರೋಹಿತ ಹೆಂಡತಿ ಮಕ್ಕಳೊಂದಿಗೆ ಊರಿನ ನಡುವೆ ಬಾಳುವವನು. ಸನ್ಯಾಸಿ ಸಂಸಾರವನ್ನು ತೊರೆದು ಮಠದ ಶಿಸ್ತಿಗೆ ಒಳಪಟ್ಟವನು. ಕ್ಯಾಥೊಲಿಕ್ ಧರ್ಮಸಭೆಯಲ್ಲಿಯೂ ಈ ಎರಡು ಬಗೆಯವರಿದ್ದಾರೆ. ಜೆಸ್ವಿಟ್, ಫ್ರಾನ್ಸಿಸ್ಕನ್, ಕಾರ್ಮೆಲೈಟ್ ಮೊದಲಾದ ಸಂಘಗಳ ಸದಸ್ಯರು ಬಡತನ, ಬ್ರಹ್ಮಚರ್ಯ ಮತ್ತು ವಿಧೇಯತೆಯ ವ್ರತಗಳನ್ನು ತಾವಾಗಿ ಸ್ವೀಕರಿಸಿದವರು. ಅವರ ಬ್ರಹ್ಮಚರ್ಯದ ಬಗ್ಗೆ ಯಾರ ತಕರಾರೂ ಇಲ್ಲ. ಬಿಷಪ್ಪರ ಕೈಕೆಳಗೆ ಊರ ಚರ್ಚನ್ನು ನಡೆಸುವ ಸಾಮಾನ್ಯ ಪಾದ್ರಿಗಳ ಸ್ಥಿತಿ ಬೇರೆ. ಅವರದು ಪುರೋಹಿತನ ಕೆಲಸ. ಆದರೆ ಅವರಿಗೆ ವಿಧಿಸಿರುವುದು ಸನ್ಯಾಸಿಯ ನಿಯಮ. ಚರ್ಚೆಯೆಲ್ಲ ಇವರನ್ನು ಕುರಿತದ್ದು.

ಈ ನಿಯಮ ಕ್ರೈಸ್ತಧರ್ಮದಷ್ಟೇ ಹಳೆಯದೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವ ಹಾಗಿಲ್ಲ. ಮೊದಲ ಪೋಪ್ ಎಂದು ಕ್ಯಾಥೊಲಿಕರು ಗೌರವಿಸುವ ಸಂತ ಪೇತ್ರನ ಅತ್ತೆಯ ಜ್ವರವನ್ನು ಏಸು ವಾಸಿ ಮಾಡಿದ ಪ್ರಸಂಗ ಸುವಾರ್ತೆಗಳಲ್ಲಿದೆ. ಅತ್ತೆಯಿದ್ದಳೆಂದ ಮೇಲೆ ಮದುವೆಯಾಗಿತ್ತೆಂದು ಬೇರೆ ಹೇಳಬೇಕಿಲ್ಲ. ಬ್ರಹ್ಮಚರ್ಯವನ್ನು ಮೆಚ್ಚಿ ಬರೆದವನು ಸಂತ ಪೌಲ. ಅವನ ಹೆಸರಿನಲ್ಲಿರುವ ಪತ್ರವೇ ಧರ್ಮಾಧ್ಯಕ್ಷನಾಗುವವನು ಏಕಪತ್ನೀವ್ರತಸ್ಥನಾಗಿರಬೇಕು ಎನ್ನುತ್ತದೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವೀರಾದಲ್ಲಿ ಸೇರಿದ ಸಭೆ, ಪಾದ್ರಿಗಳು ಪತ್ನಿಯರಿಂದ ದೂರವಿರಬೇಕೆಂದು ವಿಧಿಸಿತು. ದೂರವಿರಬೇಕು ಎಂಬ ಆ ಆಜ್ಞೆಯಿಂದಲೇ ಅವರಿಗೆ ಪತ್ನಿಯರಿದ್ದರೆಂಬುದು ತಿಳಿಯುತ್ತದೆ. ಆರನೆಯ ಶತಮಾನದಲ್ಲಿ ಪೋಪ್ ಆಗಿದ್ದ ಸಿಲ್ವೇರಿಯಸ್, ಅದಕ್ಕೆ ಕೆಲವು ವರ್ಷಗಳ ಹಿಂದೆ ಪೋಪ್ ಆಗಿದ್ದ ಹೊರ್ಮಿಸ್ದಾಸ್ ಅವರ ಮಗ. ಇಬ್ಬರೂ ಸಂತರ ಪಟ್ಟಿಯಲ್ಲಿದ್ದಾರೆ.

ಆದರ್ಶವಾಗಿದ್ದುದು ಕಟ್ಟುನಿಟ್ಟಾದ ಕಾನೂನಾದದ್ದು ಹನ್ನೊಂದು ಮತ್ತು ಹನ್ನೆರಡನೆಯ ಶತಮಾನಗಳಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಘಟ್ಟ ವಿಶೇಷ ಆಸಕ್ತಿಯದು. ಅಂದಿನ ಯುರೋಪಿನಲ್ಲಿ ಸಂಪತ್ತೆಂದರೆ ಭೂಮಿ. ಚರ್ಚು ದೊಡ್ಡ ಭೂಮಾಲೀಕ. ಪಾದ್ರಿಗೆ ಮಕ್ಕಳಿದ್ದರೆ ಚರ್ಚಿನ ಜಮೀನು ಆ ಮಕ್ಕಳ ಪಾಲಾಗುವ, ಪಾದ್ರಿಯ ಹುದ್ದೆಯೇ ವಂಶಪಾರಂಪರ್ಯವಾಗುವ ಭಯವಿತ್ತು. ನಮ್ಮ ಇನಾಂ ಜಮೀನು ಮತ್ತು ಶಾನುಭೋಗಿಕೆಯ ಇತಿಹಾಸವನ್ನು ಬಲ್ಲವರಿಗೆ ಈ ಭಯ ಅರ್ಥವಾಗದಿರದು. 1022ರಲ್ಲಿ ಇಟಲಿಯ ಪಾವಿಯಾದಲ್ಲಿ ಪೋಪ್ ಎಂಟನೆಯ ಬೆನೆಡಿಕ್ಟ್ ನಡೆಸಿದ ಸಭೆಯು, ಪಾದ್ರಿಗಳ ಮಕ್ಕಳು ಚರ್ಚಿನ ಜೀತದಾಳುಗಳು ಎಂದು ಘೋಷಿಸಿತು. ಜೀತದಾಳಿಗೆ ಆಸ್ತಿಯ ಹಕ್ಕಿಲ್ಲವಷ್ಟೆ. 1074ರಲ್ಲಿ ಪೋಪ್ ಏಳನೆಯ ಗ್ರೆಗರಿ ವಿವಾಹಿತ ಪಾದ್ರಿಗಳ ವಿರುದ್ಧ ಕಠಿಣ ಕ್ರಮ ಕೈಗೊಂಡರು. 1139ರ ಎರಡನೆಯ ಲ್ಯಾಟರನ್ ಮಹಾಸಭೆಯು ಪಾದ್ರಿಗಳ ಮದುವೆಯೇ ಅಸಿಂಧು ಎಂದಿತು. ಲೂಥರ್ 1525ರಲ್ಲಿ ಕ್ಯಾಥರೀನಾ ಫಾನ್ ಬೋರಾರನ್ನು ವರಿಸಿ ಇದನ್ನು ಬಹಿರಂಗವಾಗಿ ಧಿಕ್ಕರಿಸಿದಾಗ, 1563ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಮತ್ತಷ್ಟು ಬಿಗಿಗೊಳಿಸಿತು.

ಆಸ್ತಿಯೊಂದೇ ಇದಕ್ಕೆ ಕಾರಣವೆಂದು ವಾದಿಸುವುದು ಸರಿಯಾಗದು. ಹುದ್ದೆಗಳ ಮಾರಾಟ, ನೈತಿಕ ಅಧಃಪತನಗಳ ವಿರುದ್ಧ ನಡೆದ ಪ್ರಾಮಾಣಿಕ ಸುಧಾರಣೆಯೂ ಅದಾಗಿತ್ತು. ಪೂಜೆಗೆ ನಿಲ್ಲುವವನ ಶುದ್ಧಿಯ ಕಲ್ಪನೆಯೂ ಅದರಲ್ಲಿ ಬೆರೆತಿತ್ತು. ಆದರೆ ಒಂದು ಕಾಲದ ಅಗತ್ಯಗಳಿಗಾಗಿ ಮನುಷ್ಯರೇ ರೂಪಿಸಿದ ಶಾಸನ ಇದೆಂಬುದರಲ್ಲಿ ಸಂದೇಹವಿಲ್ಲ. ಧರ್ಮಸಭೆಯೂ ಇದನ್ನು ಅಲ್ಲಗಳೆದಿಲ್ಲ. ಯಾಜಕತ್ವದ ಸ್ವರೂಪವೇ ಬ್ರಹ್ಮಚರ್ಯವನ್ನು ಬೇಡುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿತು. ಹಾಗೆ ಹೇಳುತ್ತಲೇ ನಿಯಮವನ್ನು ಉಳಿಸಿಕೊಂಡಿತು. 1967ರಲ್ಲಿ ಪೋಪ್ ಆರನೆಯ ಪೌಲ್ ವಿಶೇಷ ಪತ್ರದ ಮೂಲಕ ಅದನ್ನು ಸಮರ್ಥಿಸಿದರು. ಐಚ್ಛಿಕ ಬ್ರಹ್ಮಚರ್ಯಕ್ಕೆ ತಮ್ಮ ಒಪ್ಪಿಗೆಯಿಲ್ಲ ಎಂದು 2019ರ ಜನವರಿಯಲ್ಲಿ ಹೇಳಿದ್ದ ಫ್ರಾನ್ಸಿಸ್, 2023ರ ಸಂದರ್ಶನವೊಂದರಲ್ಲಿ ಇದು ಪಾಶ್ಚಾತ್ಯ ಧರ್ಮಸಭೆಯ ತಾತ್ಕಾಲಿಕ ವಿಧಿ ಎಂದರು.

‘ಪಾಶ್ಚಾತ್ಯ’ ಎಂಬ ಮಾತನ್ನು ಗಮನಿಸಬೇಕು. ರೋಮಿನ ಪೋಪರನ್ನೇ ಮುಖ್ಯಸ್ಥರೆಂದು ಒಪ್ಪಿರುವ, ಆದರೆ ತಮ್ಮದೇ ಪೂಜಾವಿಧಿ ಉಳ್ಳ ಇಪ್ಪತ್ತಕ್ಕೂ ಹೆಚ್ಚು ಪೌರ್ವಾತ್ಯ ಧರ್ಮಸಭೆಗಳಿವೆ. ಉಕ್ರೇನಿನ ಗ್ರೀಕ್ ಕ್ಯಾಥೊಲಿಕ್ ಪಾದ್ರಿಗಳಲ್ಲಿ ಬಹುಪಾಲು ಗೃಹಸ್ಥರು. ಅಲ್ಲಿನ ಸಂಪ್ರದಾಯದಂತೆ ಮದುವೆಯಾದವನು ಪಾದ್ರಿಯಾಗಬಹುದು. ಪಾದ್ರಿಯಾದ ಮೇಲೆ ಮದುವೆಯಾಗುವಂತಿಲ್ಲ. ಬಿಷಪ್ಪರನ್ನು ಅವಿವಾಹಿತರಿಂದಲೇ ಆರಿಸಲಾಗುತ್ತದೆ. 1990ರಲ್ಲಿ ಪ್ರಕಟವಾದ ಪೌರ್ವಾತ್ಯ ಸಭೆಗಳ ಕಾನೂನು ಸಂಹಿತೆ ಬ್ರಹ್ಮಚಾರಿ ಮತ್ತು ಗೃಹಸ್ಥ ಪಾದ್ರಿಗಳಿಬ್ಬರನ್ನೂ ಗೌರವದಿಂದ ಕಾಣುತ್ತದೆ. ಪಶ್ಚಿಮದಲ್ಲಿಯೂ ವಿನಾಯಿತಿ ಇದೆ. ಆಂಗ್ಲಿಕನ್ ಸಭೆಯನ್ನು ಬಿಟ್ಟು ಬಂದ ವಿವಾಹಿತ ಪಾದ್ರಿಗಳನ್ನು 1980ರಿಂದ ಅಮೆರಿಕದಲ್ಲಿ ಸೇರಿಸಿಕೊಳ್ಳಲಾಗುತ್ತಿದೆ. 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಇಂಥವರಿಗಾಗಿಯೇ ಪ್ರತ್ಯೇಕ ವ್ಯವಸ್ಥೆ ಮಾಡಿದರು. ಹೀಗಾಗಿ ಇಂಗ್ಲೆಂಡಿನ ಕೆಲವು ಕ್ಯಾಥೊಲಿಕ್ ಚರ್ಚುಗಳಲ್ಲಿ ಹೆಂಡತಿ ಮಕ್ಕಳುಳ್ಳ ಪಾದ್ರಿ ಪೂಜೆ ಸಲ್ಲಿಸುತ್ತಾನೆ. ಹುಟ್ಟಿನಿಂದ ಕ್ಯಾಥೊಲಿಕ್ ಆದವನು ಆ ಹುದ್ದೆ ಬಯಸಿದರೆ ಮದುವೆಯ ಆಸೆ ಬಿಡಬೇಕು.

ನಿಯಮವನ್ನು ಬಲವಂತವಾಗಿ ಹೇರಿದಾಗ ಏನಾಗುತ್ತದೆಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನಗಳಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೂರ್ವ ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋದ ಗ್ರೀಕ್ ಕ್ಯಾಥೊಲಿಕರು ತಮ್ಮ ಪಾದ್ರಿಗಳನ್ನೂ ಕರೆದೊಯ್ದರು. ಅವರಲ್ಲಿ ಅಲೆಕ್ಸಿಸ್ ಟೋತ್ ಒಬ್ಬರು, ಪತ್ನಿಯನ್ನು ಕಳೆದುಕೊಂಡವರು. ಅಲ್ಲಿನ ಆರ್ಚ್‌ಬಿಷಪ್ ಜಾನ್ ಐರ್ಲೆಂಡ್ ಅವರನ್ನು ಪಾದ್ರಿಯೆಂದು ಮಾನ್ಯ ಮಾಡಲೇ ಇಲ್ಲ. 1891ರಲ್ಲಿ ಟೋತ್ ತಮ್ಮ ಮಿನಿಯಾಪೊಲಿಸ್ ಚರ್ಚಿನ ಭಕ್ತರೊಡನೆ ರಷ್ಯನ್ ಆರ್ಥೊಡಾಕ್ಸ್ ಸಭೆಗೆ ಸೇರಿದರು. ಅವರ ಹಿಂದೆ ಸಾವಿರಾರು ಜನ ಹೋದರು. ಆದರೂ 1929ರಲ್ಲಿ ವ್ಯಾಟಿಕನ್ ಅಮೆರಿಕದಲ್ಲಿ ಈ ಸಭೆಯ ವಿವಾಹಿತ ಪಾದ್ರಿಗಳನ್ನು ನಿಷೇಧಿಸಿತು. ಮತ್ತೊಂದು ಒಡಕು ಉಂಟಾಯಿತು. ಆ ಬಗೆಯ ನಿರ್ಬಂಧ ತೆರವಾದದ್ದು 2014ರಲ್ಲಿ.

ನಮಗೆ ಇನ್ನೂ ಹತ್ತಿರದ ನಿದರ್ಶನ ಕೇರಳದ್ದು. ಅಲ್ಲಿನ ಪ್ರಾಚೀನ ಸಂತ ತೋಮಾ ಕ್ರೈಸ್ತರ ಪಾದ್ರಿಗಳಾದ ಕತ್ತನಾರರಿಗೆ ವಿವಾಹ ನಿಷಿದ್ಧವಾಗಿರಲಿಲ್ಲ. 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೇಶೊ ದ ಮೆನೇಜೆಸ್ ಕೊಚ್ಚಿಯ ಬಳಿಯ ಉದಯಂಪೇರೂರಿನಲ್ಲಿ ನಡೆಸಿದ ಸಿನೊಡ್, ಪೋರ್ಚುಗೀಸರ ಬಲದ ನೆರಳಿನಲ್ಲಿ, ರೋಮಿನ ರೂಢಿಗಳ ಜೊತೆಗೆ ಬ್ರಹ್ಮಚರ್ಯವನ್ನೂ ಅವರ ಮೇಲೆ ಹೇರಿತು. ಇಂದು ಅದೇ ಪರಂಪರೆಯ ಆರ್ಥೊಡಾಕ್ಸ್ ಮತ್ತು ಜಾಕೋಬೈಟ್ ಸಭೆಗಳ ಪಾದ್ರಿಗಳು ಸಂಸಾರಿಗಳಾಗಿರಬಹುದು. ಸೀರೊ ಮಲಬಾರ್ ಕ್ಯಾಥೊಲಿಕ್ ಪಾದ್ರಿಗಳು ಮಾತ್ರ ಪೌರ್ವಾತ್ಯ ಸಭೆಗೆ ಸೇರಿದ್ದರೂ ಬ್ರಹ್ಮಚಾರಿಗಳು. 1999ರಲ್ಲಿ ಸ್ಥಾಪನೆಯಾದ ನಮ್ಮ ಬೆಳ್ತಂಗಡಿ ಧರ್ಮಪ್ರಾಂತ್ಯವೂ ಇದೇ ಸಭೆಗೆ ಸೇರಿದ್ದು. ಒಂದೇ ಮೂಲ, ಎರಡು ನಿಯಮ. ನಡುವಿನ ವ್ಯತ್ಯಾಸ ಬಂದದ್ದು ವಸಾಹತು ಇತಿಹಾಸದಿಂದ.

ಇನ್ನು ನಿಯಮದ ಪರವಾದ ವಾದಗಳನ್ನು ಪರಿಶೀಲಿಸೋಣ. ಅವು ಹಗುರವಾದವಲ್ಲ. ಏಸು ಸ್ವತಃ ಅವಿವಾಹಿತ. ಅವನ ಪ್ರತಿನಿಧಿಯಾಗಿ ಬಲಿಪೀಠದ ಮುಂದೆ ನಿಲ್ಲುವವನು ಅದೇ ಸಮರ್ಪಣೆಯಿಂದ ಬಾಳಬೇಕು ಎಂಬುದು ಮೊದಲನೆಯದು. 2020ರ ಜನವರಿಯಲ್ಲಿ ಕಾರ್ಡಿನಲ್ ರಾಬರ್ಟ್ ಸಾರಾ ಪ್ರಕಟಿಸಿದ ಗ್ರಂಥವು, ನಿವೃತ್ತ ಪೋಪ್ ಬೆನೆಡಿಕ್ಟ್ ಅವರ ಲೇಖನವನ್ನೂ ಒಳಗೊಂಡು, ಈ ನಿಲುವನ್ನು ಬಲವಾಗಿ ಮಂಡಿಸಿತು. ಎರಡನೆಯದು ವ್ಯಾವಹಾರಿಕ. ಸಂಸಾರವಿಲ್ಲದ ಪಾದ್ರಿ ರಾತ್ರಿ ಎರಡು ಗಂಟೆಗೆ ಕರೆದರೂ ಬರುತ್ತಾನೆ. ಎಲ್ಲಿಗೆ ವರ್ಗವಾದರೂ ಹೋಗುತ್ತಾನೆ. ಸಾಂಕ್ರಾಮಿಕ ರೋಗದ ನಡುವೆಯೂ ನಿಲ್ಲುತ್ತಾನೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ತೆರೆದು, ಮುಂದೆ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದ ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ ಅವರನ್ನು ನೆನೆದರೆ ಈ ವಾದದ ತೂಕ ತಿಳಿಯುತ್ತದೆ.

ಆದರೆ ಅದೇ ಮಂಗಳೂರಿನಲ್ಲಿ 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಗೃಹಸ್ಥರಾಗಿದ್ದರು. ಸಂಸಾರ ಅವರ ದಶಕಗಳ ತಪಸ್ಸಿಗೆ ಅಡ್ಡಿಯಾಗಲಿಲ್ಲ. ಮುಲ್ಲರ್ ಅವರ ಬ್ರಹ್ಮಚರ್ಯವಾದರೋ ಸಂಘದ ವ್ರತವಾಗಿ ಅವರೇ ಸ್ವೀಕರಿಸಿದ್ದು. ಸೇವೆಯ ಮೂಲ ಮನುಷ್ಯನ ಅಂತಃಸತ್ವದಲ್ಲಿದೆ.

ಅಖಂಡ ನಿಷ್ಠೆಗೆ ಅವಿವಾಹಿತರೇ ಬೇಕೆಂಬ ವಾದ ಧರ್ಮಸಭೆಗೆ ಸೀಮಿತವಲ್ಲ. ನಮ್ಮ ವಿದೇಶಾಂಗ ಸೇವೆಯ 1961ರ ನಿಯಮಗಳಲ್ಲಿ, ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ತೊಡಕಾಗುತ್ತದೆಂದು ಕಂಡರೆ ಆಕೆ ರಾಜೀನಾಮೆ ನೀಡಬೇಕಾಗಬಹುದು ಎಂದಿತ್ತು. ಕೊಡಗಿನ ಸಿ.ಬಿ. ಮುತ್ತಮ್ಮನವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದರ ಹಿಂದಿನ ಧೋರಣೆಯನ್ನು ಕಟುವಾಗಿ ಟೀಕಿಸಿದರು. ವಿವಾಹಿತ ಮಹಿಳೆಯರು ಬಂದುದರಿಂದ ವಿದೇಶಾಂಗ ಸೇವೆ ಕುಸಿಯಲಿಲ್ಲ. ಸರ್ಕಾರಿ ಸೇವೆ ಬೇರೆ, ಧರ್ಮದೀಕ್ಷೆ ಬೇರೆ. ಧರ್ಮಸಭೆಯ ಆಂತರಿಕ ನಿಯಮದಲ್ಲಿ ನ್ಯಾಯಾಲಯಕ್ಕೆ ಕೆಲಸವಿಲ್ಲ. ಆದರೂ ಅನುಕೂಲಕ್ಕಾಗಿ ಮಾಡಿದ ನಿಯಮವನ್ನು ಅನಿವಾರ್ಯವೆಂದು ನಂಬುವ ಪ್ರವೃತ್ತಿ ಎರಡೂ ಕಡೆ ಒಂದೇ.

ಈ ಚರ್ಚೆಯಲ್ಲಿ ಪದೇ ಪದೇ ಎದ್ದುಬರುವ ಇನ್ನೊಂದು ವಿಷಯ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. ಬ್ರಹ್ಮಚರ್ಯವೇ ಅದಕ್ಕೆ ಕಾರಣ, ಅದು ಹೋದರೆ ಪಿಡುಗು ಹೋಗುತ್ತದೆ ಎಂಬ ಮಾತನ್ನು ಎಚ್ಚರಿಕೆಯಿಂದ ಕೇಳಬೇಕು. ಫ್ರಾನ್ಸಿನ ಸ್ವತಂತ್ರ ಆಯೋಗ 2021ರ ವರದಿಯಲ್ಲಿ ಅಪಾರ ಪ್ರಮಾಣದ ದೌರ್ಜನ್ಯವನ್ನು ಬಯಲಿಗೆಳೆದರೂ, ಬ್ರಹ್ಮಚರ್ಯಕ್ಕೂ ಅದಕ್ಕೂ ನೇರ ಕಾರ್ಯಕಾರಣ ಸಂಬಂಧವಿದೆ ಎನ್ನಲಿಲ್ಲ. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2017ರ ವರದಿಯಲ್ಲಿ, ಅದು ನೇರ ಕಾರಣವಲ್ಲ, ಆದರೆ ಬೇರೆ ಅಂಶಗಳೊಂದಿಗೆ ಸೇರಿದಾಗ ಅಪಾಯವನ್ನು ಹೆಚ್ಚಿಸಿದೆ ಎಂದು ಅಭಿಪ್ರಾಯಪಟ್ಟು, ಐಚ್ಛಿಕ ಬ್ರಹ್ಮಚರ್ಯದ ಬಗ್ಗೆ ಯೋಚಿಸುವಂತೆ ಕೋರಲು ಅಲ್ಲಿನ ಬಿಷಪ್ಪರಿಗೆ ಶಿಫಾರಸು ಮಾಡಿತು. ಮಕ್ಕಳನ್ನು ಪೀಡಿಸುವವರಲ್ಲಿ ಸಂಸಾರಸ್ಥರೂ ಇದ್ದಾರೆಂಬುದು ಪೊಲೀಸ್ ದಾಖಲೆಗಳನ್ನು ನೋಡಿದ ಯಾರಿಗೂ ಗೊತ್ತು. ಆ ಪಾಪಕ್ಕೆ ಮದ್ದು ನಿಷ್ಠುರ ತನಿಖೆ ಮತ್ತು ಶಿಕ್ಷೆ, ಪಾದ್ರಿಯ ಮದುವೆಯಲ್ಲ.

ಹಾಗಾದರೆ ನಿಯಮವನ್ನು ಸಡಿಲಿಸಬೇಕೇಕೆ? ಯಾವ ನಿಯಮವನ್ನಾದರೂ ಅಳೆಯುವಾಗ ಅರ್ಥಶಾಸ್ತ್ರ ಎರಡು ಪ್ರಶ್ನೆ ಕೇಳುತ್ತದೆ: ಪ್ರಯೋಜನ ಯಾರಿಗೆ, ವೆಚ್ಚ ಯಾರ ಮೇಲೆ? ಬ್ರಹ್ಮಚರ್ಯದ ವೆಚ್ಚವನ್ನು ಪಾದ್ರಿಯೊಬ್ಬನೇ ಭರಿಸುವುದಾದರೆ ಅದು ಅವನ ಆಯ್ಕೆ ಎಂದು ಸುಮ್ಮನಾಗಬಹುದಿತ್ತು. ವಾಸ್ತವದಲ್ಲಿ ಅದರ ದೊಡ್ಡ ಪಾಲು ಯಾವ ವ್ರತವನ್ನೂ ಕೈಗೊಳ್ಳದವರ ಮೇಲೆ ಬೀಳುತ್ತಿದೆ.

ಮೊದಲನೆಯವರು ಸಾಮಾನ್ಯ ಭಕ್ತರು. 1970ರಲ್ಲಿ ಜಗತ್ತಿನಲ್ಲಿ ಸುಮಾರು 65 ಕೋಟಿ ಕ್ಯಾಥೊಲಿಕರಿಗೆ ಸುಮಾರು 4.2 ಲಕ್ಷ ಪಾದ್ರಿಗಳಿದ್ದರು. 2023ರ ವೇಳೆಗೆ ಕ್ಯಾಥೊಲಿಕರ ಸಂಖ್ಯೆ 140 ಕೋಟಿ ದಾಟಿತು. ಪಾದ್ರಿಗಳ ಸಂಖ್ಯೆ 4.07 ಲಕ್ಷಕ್ಕೆ ಇಳಿಯಿತು. ಅಂದು ಸುಮಾರು 1,550 ಭಕ್ತರಿಗೆ ಒಬ್ಬ ಪಾದ್ರಿ. ಇಂದು ಸುಮಾರು 3,450 ಭಕ್ತರಿಗೆ ಒಬ್ಬ. ಯುರೋಪಿನ ಎಷ್ಟೋ ಚರ್ಚುಗಳಲ್ಲಿ ಪೂಜೆ ನಡೆಯುತ್ತಿರುವುದು ಕೇರಳದಿಂದಲೋ ಆಫ್ರಿಕಾದಿಂದಲೋ ಬಂದ ಪಾದ್ರಿಗಳಿಂದ. ಭಾನುವಾರದ ಪೂಜೆಯಲ್ಲಿ ಭಾಗವಹಿಸುವುದು ಭಕ್ತರ ಕರ್ತವ್ಯವೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಆ ಪೂಜೆಯನ್ನು ಪಾದ್ರಿಯಲ್ಲದೆ ಬೇರೊಬ್ಬರು ನಡೆಸುವಂತಿಲ್ಲ ಎಂದೂ ಹೇಳುತ್ತದೆ. ಪಾದ್ರಿಯನ್ನು ಒದಗಿಸುವ ಹೊಣೆಯಿಂದ ಅದು ನುಣುಚಿಕೊಳ್ಳುವುದು ಹೇಗೆ?

ಎರಡನೆಯವರು ಮರೆಯಲ್ಲಿರುವ ಹೆಂಗಸರು ಮತ್ತು ಮಕ್ಕಳು. ಪಾದ್ರಿಗಳಿಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಅನುಸರಿಸುವ ಆಂತರಿಕ ಮಾರ್ಗಸೂಚಿ ತನ್ನಲ್ಲಿದೆ ಎಂದು ವ್ಯಾಟಿಕನ್ 2019ರ ಫೆಬ್ರುವರಿಯಲ್ಲಿ ಒಪ್ಪಿಕೊಂಡಿತು. ಅಂಥ ಪಾದ್ರಿ ದೀಕ್ಷೆಯನ್ನು ತ್ಯಜಿಸಿ ತಂದೆಯ ಹೊಣೆ ಹೊರಬೇಕೆಂಬುದು ಅದರ ತಿರುಳು. ಮಾರ್ಗಸೂಚಿಯ ಅಗತ್ಯ ಬಿದ್ದಿದೆಯೆಂದರೆ ಇವು ಒಂದೆರಡು ಬಿಡಿ ಪ್ರಕರಣಗಳಲ್ಲ ಎಂದೇ ಅರ್ಥ. 1022ರಲ್ಲಿ ಜೀತಕ್ಕೆ ಬಿದ್ದವರೂ ಮಕ್ಕಳೇ. ಸಾವಿರ ವರ್ಷಗಳ ಅನಂತರ ತಂದೆಯ ಹೆಸರು ಹೇಳಲಾಗದೆ ಬೆಳೆಯುವವರೂ ಮಕ್ಕಳೇ. ಮೂರನೆಯವರು, ಮದುವೆಯಾದ ಒಂದೇ ಕಾರಣಕ್ಕೆ 1960ರ ದಶಕದಿಂದೀಚೆಗೆ ಹೊರನಡೆದ ಹತ್ತಾರು ಸಾವಿರ ಪಾದ್ರಿಗಳು. ವರ್ಷಗಟ್ಟಲೆ ತರಬೇತಿ ನೀಡಿ ಸಿದ್ಧಪಡಿಸಿದ ಇಂಥವರನ್ನು ಕಳೆದುಕೊಳ್ಳುವ ಸಂಸ್ಥೆ ತನ್ನ ನಷ್ಟದ ಲೆಕ್ಕವನ್ನು ಒಮ್ಮೆಯಾದರೂ ಬರೆದು ನೋಡಬೇಡವೆ?

ಸಡಿಲಿಕೆಗೂ ಬೆಲೆಯಿದೆ ಎಂಬುದನ್ನು ಸುಧಾರಣಾವಾದಿಗಳು ಬಚ್ಚಿಡಬಾರದು. ಮದುವೆಗೆ ಅಡ್ಡಿಯಿಲ್ಲದ ಯುರೋಪಿನ ಪ್ರಾಟೆಸ್ಟಂಟ್ ಸಭೆಗಳಲ್ಲಿಯೂ ಪಾದ್ರಿಗಳ ಕೊರತೆ ಇದೆ. ಗೃಹಸ್ಥ ಪಾದ್ರಿಗೆ ಸಂಸಾರ ಸಾಗುವಷ್ಟು ವೇತನ, ಮನೆ, ಮಕ್ಕಳ ಶಿಕ್ಷಣ, ಅವನು ಸತ್ತರೆ ಪತ್ನಿಗೆ ಪಿಂಚಣಿ ಬೇಕು. ಇಂದು ಒಬ್ಬಂಟಿ ಪಾದ್ರಿಯ ಅಲ್ಪ ಭತ್ಯೆಯಲ್ಲಿ ನಡೆಯುತ್ತಿರುವ ಬಡ ಚರ್ಚುಗಳಿಗೆ ಇದು ಸಣ್ಣ ಹೊರೆಯಲ್ಲ. ವಿಚ್ಛೇದನ, ಸ್ವಜನಪಕ್ಷಪಾತ, ಹುದ್ದೆಗೆ ಮಗನನ್ನೇ ತರುವ ಹಳೆಯ ಚಾಳಿ ಇವೂ ತಲೆಯೆತ್ತಬಹುದು. ಪಾದ್ರಿಗೆ ಮದುವೆಯಾಗಲಿ ಎನ್ನುವ ಭಕ್ತರು ಅದರ ಖರ್ಚಿಗೂ ಸಿದ್ಧರಿರಬೇಕು. ಆದರೆ ಹನ್ನೆರಡನೆಯ ಶತಮಾನದಲ್ಲಿ ಇಲ್ಲದ ಅನುಕೂಲಗಳು ಇಂದು ಇವೆ: ಟ್ರಸ್ಟ್ ಕಾನೂನು, ಲೆಕ್ಕಪರಿಶೋಧನೆ, ಆಸ್ತಿ ನೋಂದಣಿ. ಚರ್ಚಿನ ಜಮೀನನ್ನು ಕಾಯಲು ಪಾದ್ರಿಯ ಸಂತಾನಹೀನತೆ ಇನ್ನು ಬೇಕಾಗಿಲ್ಲ. ಸಂಸಾರವಂದಿಗ ಧರ್ಮಸೇವಕರನ್ನು ನಿಭಾಯಿಸಿದ ಅನುಭವವೂ ಧರ್ಮಸಭೆಗಿದೆ. 1967ರಲ್ಲಿ ಮತ್ತೆ ಜಾರಿಗೆ ಬಂದ ಕಾಯಂ ಡೀಕನ್ ಪದವಿಯಲ್ಲಿ ಇಂದು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಅವರಲ್ಲಿ ಬಹುಪಾಲು ವಿವಾಹಿತರು.

1983ರ ಧರ್ಮಸಭೆಯ ಕಾನೂನು ಸಂಹಿತೆ ಬ್ರಹ್ಮಚರ್ಯವನ್ನು ದೇವರ ವಿಶೇಷ ವರ ಎಂದು ಕರೆಯುತ್ತದೆ. ಅದೇ ವಾಕ್ಯಭಾಗದಲ್ಲಿ ಅದನ್ನು ಕಡ್ಡಾಯವೆಂದೂ ವಿಧಿಸುತ್ತದೆ. ಯಾರಿಗೆ ಆ ವರ ದೊರೆತಿದೆಯೋ ಅವರನ್ನೇ ತಾನು ಆರಿಸುತ್ತೇನೆ ಎಂಬುದು ಧರ್ಮಸಭೆಯ ಸಮಾಧಾನ. ಆದರೆ ಇಪ್ಪತ್ತೈದರ ತರುಣ ತನಗೆ ಆ ವರವಿದೆಯೆಂದು ಜೀವಮಾನಕ್ಕೆಲ್ಲ ಸಲ್ಲುವಂತೆ ರುಜು ಹಾಕುವಾಗ, ಪಾದ್ರಿಯಾಗಬೇಕೆಂಬ ಹಂಬಲವೇ ಅವನಿಂದ ಆ ಮಾತು ಹೇಳಿಸುತ್ತಿರಬಹುದಲ್ಲವೆ? ಷರತ್ತನ್ನು ತೆಗೆದರೆ ವ್ರತ ಅಳಿಯುವುದಿಲ್ಲ. ಬೇರೆ ದಾರಿ ತೆರೆದಿದ್ದರೂ ಬ್ರಹ್ಮಚರ್ಯವನ್ನೇ ಆರಿಸಿಕೊಂಡವನ ತ್ಯಾಗಕ್ಕೆ ಹೆಚ್ಚಿನ ಬೆಲೆ ಬರುತ್ತದೆ.

ಇದನ್ನು ತೀರ್ಮಾನಿಸಬೇಕಾದವರು ಕ್ಯಾಥೊಲಿಕರು. ಹೊರಗಿನವರು ಹೇಳಬಹುದಾದದ್ದು ಇಷ್ಟೆ: ಸಂಘಗಳ ಸನ್ಯಾಸವ್ರತ ಹಾಗೆಯೇ ಇರಲಿ. ಇಡೀ ಜಗತ್ತಿಗೆ ಒಂದೇ ಆಜ್ಞೆಯ ಬದಲು, ಪಾದ್ರಿಗಳಿಲ್ಲದೆ ಸೊರಗುತ್ತಿರುವ ಪ್ರದೇಶಗಳ ಬಿಷಪ್ಪರಿಗೆ ಗೃಹಸ್ಥರನ್ನು ನೇಮಿಸುವ ಅಧಿಕಾರ ದೊರೆಯಲಿ. ಹತ್ತು ವರ್ಷಗಳ ಅನಂತರ ಫಲಿತಾಂಶವನ್ನು ನೋಡಿ ಮುಂದುವರಿಯಲಿ. ಅಮೆಜಾನಿನ ಬಿಷಪ್ಪರು ಕೇಳಿದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ. ಅವರ ಮನವಿಗೆ ‘ಆಗಲಿ’ ಎನ್ನಬಹುದು, ಕಾರಣ ಕೊಟ್ಟು ‘ಆಗದು’ ಎನ್ನಲೂಬಹುದು. ನದಿಯ ದಡದಲ್ಲಿ ಪಾದ್ರಿಯ ದೋಣಿಗಾಗಿ ವರ್ಷಗಟ್ಟಲೆ ಕಾಯುವ ಜನರಿಗೆ ಉತ್ತರವನ್ನೇ ಕೊಡದಿರುವುದು ಮಾತ್ರ ತರವಲ್ಲ.